ನಲವತ್ತಮೂರು ಜನರ ಉಸಿರಿನ ಫೈಲು

ತಿಂಗಳ 17ನೇ ತಾರೀಖು, ಸೋಮವಾರ ಬೆಳಿಗ್ಗೆ 10.20ಕ್ಕೆ ಇಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಒಬ್ಬರು ಜೀನ್ಸ್ ಪ್ಯಾಂಟಿನ ಕಾರ್ಖಾನೆಯ ಆರೋಗ್ಯ ಕೊಠಡಿಯ ನರ್ಸಮ್ಮ. ಇನ್ನೊಬ್ಬ ಅದೇ ಕಾರ್ಖಾನೆಯಲ್ಲಿ ಗುಂಡಿ ಕೂರಿಸುವ ವಿಭಾಗದ ಕೆಲಸಗಾರ, ಕಾರ್ಮಿಕ ಸಂಘದ ಕಾರ್ಯದರ್ಶಿ. ದೂರು ಎರಡು ಪುಟ ಇತ್ತು. ಬರೆದವನು ಕಾರ್ಯದರ್ಶಿ, ಸಹಿ ನರ್ಸಮ್ಮನದು.

ಇನ್ಸ್‌ಪೆಕ್ಟರ್ ಓದಿ ಮುಗಿಸಿ ಮತ್ತೆ ಮೊದಲ ಪುಟಕ್ಕೆ ಬಂದರು.

“ಕಳುವಾಗಿರೋದು ಏನು?”

“ಏನೂ ಕಳುವಾಗಿಲ್ಲ ಸಾರ್. ಫೈಲು ಇದ್ದಲ್ಲೇ ಇದೆ. ಓದೋಕಾಗ್ತಿಲ್ಲ,” ಎಂದರು ನರ್ಸಮ್ಮ.

“ಓದೋಕಾಗದಿದ್ರೆ ಕನ್ನಡಕದ ಅಂಗಡಿಗೆ ಹೋಗ್ಬೇಕು ತಾಯಿ,” ಎಂದ ಪಕ್ಕದ ಮೇಜಿನ ಪೇದೆ. ಯಾರೂ ನಗಲಿಲ್ಲ. ಅವನು ತಲೆ ತಗ್ಗಿಸಿ ರಿಜಿಸ್ಟರಿಗೆ ಗೆರೆ ಎಳೆಯತೊಡಗಿದ.

ನರ್ಸಮ್ಮ ಹೇಳಿದ್ದು ಇಷ್ಟು. ಕಾರ್ಖಾನೆಯ ಹಿಂಬದಿಗೆ ಮರಳು ಶೆಡ್ಡು. ಹೊಸ ಪ್ಯಾಂಟಿನ ತೊಡೆಗೂ ಮೊಣಕಾಲಿಗೂ ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ಅದನ್ನು ಹಳೆಯದರಂತೆ ಮಾಸಿಸುವ ಜಾಗ ಅದು. ಮಾಸಿದ ಪ್ಯಾಂಟಿಗೆ ಅಂಗಡಿಯಲ್ಲಿ ಬೆಲೆ ಹೆಚ್ಚು. ಮಾಸಿಸುವವನ ಎದೆಯೊಳಗೆ ಮರಳು ಕೂತರೆ ಅದಕ್ಕೆ ಬೆಲೆ ಕಟ್ಟುವವರಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಶೆಡ್ಡಿನವರು ಸಾಲಾಗಿ ಬಂದು ಒಂದು ಕೊಳವೆಗೆ ಊದಬೇಕು. ಉಸಿರಿನ ಬಲವನ್ನು ಅದರ ಮುಳ್ಳು ತೋರಿಸುತ್ತದೆ. ಕೆಲಸಗಾರರು ಅದಕ್ಕೆ ಪೀಪಿ ಎನ್ನುತ್ತಾರೆ. ಮುಳ್ಳು ನಾನೂರಕ್ಕಿಂತ ಕೆಳಗಿಳಿದವನನ್ನು ಧೂಳಿಲ್ಲದ ಕೆಲಸಕ್ಕೆ ಹಾಕಿ ಚಿಕಿತ್ಸೆ ಕೊಡಿಸಬೇಕು ಎಂಬುದು ಗೋಡೆಗೆ ಅಂಟಿಸಿದ ನಿಯಮ. ಎಂಟು ದಿನದೊಳಗೆ ಅವನ ಕ್ವಾರ್ಟರ್ಸ್ ಖಾಲಿ ಮಾಡಿಸಿ ಗೇಟಿನ ಹೊರಗೆ ಬಿಡುವುದು ನಡೆದುಬಂದ ರೂಢಿ. ಅವನ ಆರೋಗ್ಯ ಕಾರ್ಡಿನಲ್ಲಿ ಮಾತ್ರ ‘ಫಿಟ್, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದಾನೆ’ ಎಂದಿರುತ್ತದೆ.

“ಆ ಕಾರ್ಡು ಬರೆಯೋರು ಯಾರು?”

“ನಾನೇ,” ಎಂದರು ನರ್ಸಮ್ಮ. “ನಾಲ್ಕು ವರ್ಷ ಬರೆದೆ. ನಿಜವಾದ ನಂಬರನ್ನ ಮಾತ್ರ ಬೇರೆ ಒಂದು ಫೈಲಲ್ಲಿ ಇಟ್ಕೊಂಡೆ. ಹಾಗಾದ್ರೂ ರಾತ್ರಿ ನಿದ್ದೆ ಬರಲಿ ಅಂತ.”

“ಬಂತಾ?”

“ಇಲ್ಲ ಸಾರ್.”

ಫೈಲಿಗೆ ಬೀಗವಿತ್ತು. ನರ್ಸಮ್ಮನ ಮಗಳು ಕಾಲೇಜಿನಲ್ಲಿ ಅಭ್ಯಾಸಕ್ಕೆಂದು ಬರೆದ ಮೂವತ್ತು ಸಾಲಿನ ಒಂದು ಪ್ರೋಗ್ರಾಂ. ಅಕ್ಷರಗಳ ಯಾವುದೇ ಫೈಲು ತೋರಿಸಿ, ಒಂದು ಗುಟ್ಟಿನ ಪದ ಕೊಟ್ಟರೆ ಅದು ಫೈಲನ್ನು ಅರ್ಥವಾಗದ ಗೀಚಾಟ ಮಾಡಿಡುತ್ತದೆ. ಅದೇ ಪದ ಕೊಟ್ಟರೆ ಓದುವ ಹಾಗೆ ಮರಳಿಸುತ್ತದೆ. ಎರಡು ತಿಂಗಳ ಹಿಂದೆ ನರ್ಸಮ್ಮ ಈ ಫೈಲಿನ ವಿಷಯ ಸಂಘಕ್ಕೆ ಹೇಳಿದ್ದರು. ಸಂಘ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿತ್ತು. 20ನೇ ತಾರೀಖು ಗುರುವಾರ ಹನ್ನೊಂದು ಗಂಟೆಗೆ ಫೈಲನ್ನು ತೆರೆದು ತೋರಿಸಬೇಕು. ತೋರಿಸದಿದ್ದರೆ ಶೆಡ್ಡು ಮುಚ್ಚಿಸುವ ಅರ್ಜಿ ವಜಾ. ನರ್ಸಮ್ಮ 3ರಂದು ಫೈಲು ತೆರೆದು ಬರೆದು ಮುಚ್ಚಿದ್ದರು. 14ರಂದು ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡು, 15ರಂದು ವಕೀಲರ ಕಚೇರಿಯಲ್ಲಿ ತಮ್ಮ ಪದ ಕೊಟ್ಟು ತೆರೆದರೆ ಬರೀ ಗೀಚಾಟ.

“ಪದ ಮರೆತಿಲ್ಲ ತಾನೆ?”

“ಹೆತ್ತ ಮಗಳ ಮುಖ ಮರೆತರೂ ಅದನ್ನ ಮರೆಯಲ್ಲ.”

“ಯಾರ ಮೇಲೆ ಅನುಮಾನ?”

ಉತ್ತರ ಕೊಟ್ಟವನು ಕಾರ್ಯದರ್ಶಿ. “ಆಡಳಿತದವರ ಮೇಲೆ. ದೂರಲ್ಲೇ ಬರೆದಿದ್ದೀನಿ.”

“ನೋಡಿದೆ. ಕೆಳಗೆ ಎರಡು ಗೆರೆ ಎಳೆದಿದ್ದೀರ.”

“ಆ ಶೆಡ್ಡಲ್ಲಿ ನಲವತ್ತಮೂರು ಜನ ಊದಿದ್ದಾರೆ ಸಾರ್. ಹನ್ನೊಂದು ಜನ ಸತ್ತಿದ್ದಾರೆ. ಹನ್ನೊಂದನೆಯವರು ನನ್ನ ಭಾವ.”

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಸಾಕ್ಷ್ಯ ಕೆಡಿಸಿದ ಆರೋಪ, ಆರೋಪಿಗಳು ‘ಗೊತ್ತಿಲ್ಲದವರು’.

12.40ಕ್ಕೆ ಆರೋಗ್ಯ ಕೊಠಡಿಯಲ್ಲಿ ಪಂಚನಾಮೆ ನಡೆಯಿತು. ಪಂಚರಾಗಿ ಗೇಟಿನ ಕಾವಲುಗಾರ ಮತ್ತು ಒಬ್ಬ ಅಡುಗೆಯವ ನಿಂತರು. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆ. ಒಂದು ಮಂಚ, ರೆಕ್ಸಿನ್ ಹರಿದದ್ದು. ಮೂಲೆಯಲ್ಲಿ ಕಣ್ಣು ತೊಳೆಯುವ ತೊಟ್ಟಿ, ಅದಕ್ಕೆ ಅರ್ಧ ಮರೆಯಾಗಿ ಬಟ್ಟೆಯ ಪರದೆ. ಬಾಗಿಲಿಗೆ ಬೆನ್ನು ಮಾಡಿ ಕಂಪ್ಯೂಟರು. ಕೀಲಿಮಣೆಯ ಸಂದಿಗಳಲ್ಲಿ ನುಣ್ಣನೆಯ ಬಿಳಿ ಧೂಳು. ಶೆಡ್ಡು ಇರುವುದು ಐವತ್ತು ಹೆಜ್ಜೆ ದೂರದಲ್ಲಿ. ಧೂಳಿಗೆ ಐವತ್ತು ಹೆಜ್ಜೆ ಒಂದು ದೂರವಲ್ಲ.

ಇನ್ಸ್‌ಪೆಕ್ಟರ್ ಜೊತೆಗಿದ್ದ ಮುಖ್ಯಪೇದೆಯನ್ನು ಠಾಣೆಯಲ್ಲಿ ಗುಣಾಕಾರ ಎಂದು ಕರೆಯುತ್ತಾರೆ. ಮೂರಂಕಿಯ ಗುಣಾಕಾರವನ್ನು ಮನಸ್ಸಿನಲ್ಲೇ ಮಾಡುವ ಮನುಷ್ಯ. ಅವನು ಫೈಲನ್ನು ಮುಟ್ಟದೆ ಅದರ ವಿವರವನ್ನಷ್ಟೇ ನೋಡಿ ಪಂಚನಾಮೆಗೆ ಬರೆಸಿದ: ‘ಕೊನೆಯ ಸಲ ಬದಲಾದದ್ದು 13ನೇ ತಾರೀಖು, ಗುರುವಾರ, ಸಂಜೆ 4.52.’ ಆಮೇಲೆ ಫೈಲಿನ ಮೂರು ಪ್ರತಿ ತೆಗೆದು ಲಕೋಟೆಗಳಿಗೆ ಹಾಕಿ ಅರಗು ಮುದ್ರೆ ಒತ್ತಿದ.

“ಪ್ರತಿ ತೆಗೆಯೋದು ಇಷ್ಟು ಸುಲಭಾನಾ?” ಎಂದರು ನರ್ಸಮ್ಮ. “ಇನ್ನೊಂದು ಪ್ರತಿ ಇದ್ರೆ ಇನ್ನೊಬ್ಬರ ಕೈಗೆ ಸಿಗುತ್ತೆ ಅಂತ ನಾನು ಇಡಲೇ ಇಲ್ಲ.”

ಗುಣಾಕಾರ ಫೋನಿನಲ್ಲಿ ನರ್ಸಮ್ಮನ ಮಗಳನ್ನು ಹಿಡಿದ. ಹತ್ತು ನಿಮಿಷ ಹೂಂಗುಟ್ಟಿದ. ಫೋನು ಇಟ್ಟು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ.

“ಸಾರ್, ಪ್ರತಿ ಅಕ್ಷರವನ್ನೂ ಗಡಿಯಾರದ ಮುಳ್ಳು ಅಂದ್ಕೊಳ್ಳಿ. ಗುಟ್ಟಿನ ಪದ ಎಷ್ಟು ಹೇಳುತ್ತೋ ಅಷ್ಟು ಮನೆ ಮುಂದಕ್ಕೆ ತಿರುಗಿಸೋದೇ ಮುಚ್ಚೋದು. ಅಷ್ಟೇ ಮನೆ ಹಿಂದಕ್ಕೆ ತಿರುಗಿಸೋದೇ ತೆರೆಯೋದು.”

“ತಪ್ಪು ಪದ ಕೊಟ್ರೆ?”

“ಅಲ್ಲೇ ಇರೋದು ಎಡವಟ್ಟು. ತಪ್ಪು ಅಂತ ಹೇಳಲ್ಲ. ತಪ್ಪು ಪದದ ಲೆಕ್ಕದಲ್ಲೇ ಮುಳ್ಳು ತಿರುಗಿಸಿ, ಅದನ್ನೇ ಹಳೇ ಫೈಲಿನ ಮೇಲೆ ಬರೆದಿಡುತ್ತೆ. ಕಾಲೇಜಲ್ಲಿ ಇದಕ್ಕೆ ಹತ್ತಕ್ಕೆ ಏಳು ಕೊಟ್ಟಿದ್ರಂತೆ. ತಪ್ಪು ಪದ ಗುರುತಿಸಲ್ಲ ಅಂತ ಮೂರು ಅಂಕ ಕಳೆದಿದ್ರಂತೆ.”

“ಆ ಮೂರು ಅಂಕ ಇವತ್ತು ನಮ್ಮ ತಲೆ ಮೇಲೆ ಬಿತ್ತು.”

“ಹೌದು ಸಾರ್. ಯಾರ್ಯಾರು ಈ ಫೈಲಿಗೆ ಯಾವ ಯಾವ ಪದ ಹಾಕಿ ನೋಡಿದ್ದಾರೋ ಅಷ್ಟೂ ಬೇಕು. ತೆರೆಯೋಕೆ ಹಾಕಿದ್ರೋ ಮುಚ್ಚೋಕೋ ಅನ್ನೋದೂ ಬೇಕು. ಹಿಂದು ಮುಂದಾದ್ರೂ ಪರವಾಗಿಲ್ಲ, ಲೆಕ್ಕ ಪೂರ್ತಿ ಇರ್ಬೇಕು. ಒಬ್ಬ ಸುಳ್ಳು ಹೇಳಿದ್ರೂ, ಒಬ್ಬ ಬಾಯಿ ಮುಚ್ಕೊಂಡ್ರೂ ಒಂದಕ್ಷರ ಕಾಣಲ್ಲ.”

ಬಾಗಿಲ ಬಳಿ ನಿಂತಿದ್ದ ಕಾರ್ಯದರ್ಶಿ ಕೇಳಿದ: “ಅಂದ್ರೆ ಎಲ್ಲರೂ ತಪ್ಪೊಪ್ಪಿಕೊಂಡ್ರೆ ಮಾತ್ರ ತೆರೆಯುತ್ತೆ?”

“ಎಲ್ಲರೂ,” ಎಂದ ಗುಣಾಕಾರ.

ಕಾವಲುಗಾರನ ಬಳಿ ಬೀಗದಕೈ ಪುಸ್ತಕವಿತ್ತು. ನರ್ಸಮ್ಮ ಮನೆಗೆ ಹೋದ ಮೇಲೆ ಆರೋಗ್ಯ ಕೊಠಡಿಯ ಬೀಗದಕೈ ಪಡೆಯುವವರು ಅದರಲ್ಲಿ ಸಹಿ ಹಾಕಬೇಕು. 3ರಿಂದ ಈಚೆಗೆ ಎರಡೇ ಸಹಿ. 6ರ ಸಂಜೆ 6.10ಕ್ಕೆ ಮರಳು ಶೆಡ್ಡಿನ ಮೇಲ್ವಿಚಾರಕ, ಕಾರಣ ‘ತಲೆನೋವಿನ ಮಾತ್ರೆ’. 10ರ ಸಂಜೆ 5.45ಕ್ಕೆ ತಿಂಗಳಿಗೊಮ್ಮೆ ಬರುವ ಕಂಪನಿ ಡಾಕ್ಟರು, ಕಾರಣ ‘ಕಾರ್ಡು ಸಹಿ’. 13ರ ಸಾಲು ಖಾಲಿ. ಇನ್ಸ್‌ಪೆಕ್ಟರ್ ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟು, ಪುಸ್ತಕ ವಶಪಡಿಸಿಕೊಂಡರು.

18ನೇ ತಾರೀಖು, ಮಂಗಳವಾರ. ಬೆಳಿಗ್ಗೆ 9.30ಕ್ಕೆ ಮೇಲ್ವಿಚಾರಕ ಠಾಣೆಗೆ ಬಂದ. ಯಾರೂ ಏನೂ ಕೇಳುವ ಮೊದಲೇ ಹೇಳಿದ: “ನಾನು ಕಂಪ್ಯೂಟರ್ ಮುಟ್ಟಿಲ್ಲ ಸಾರ್.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ,” ಎಂದ ಗುಣಾಕಾರ. “ನಿಮಗಿನ್ನೂ ಯಾರೂ ಕಳ್ಳ ಅಂತಾನೂ ಅಂದಿಲ್ವಲ್ಲ ಯಜಮಾನ್ರೆ.”

“ತಲೆನೋವಿಗೆ ಎಷ್ಟು ಮಾತ್ರೆ ತಗೊಂಡ್ರಿ?” ಇನ್ಸ್‌ಪೆಕ್ಟರ್ ಕೇಳಿದರು.

“ಒಂದು.”

“ಒಂದು ಮಾತ್ರೆ ನುಂಗೋಕೆ ಇಪ್ಪತ್ತೈದು ನಿಮಿಷ. 6.35ಕ್ಕೆ ಬೀಗದಕೈ ವಾಪಸ್ ಕೊಟ್ಟಿದ್ದೀರ.”

ಮೇಲ್ವಿಚಾರಕ ಕುರ್ಚಿಯ ತುದಿಗೆ ಜಾರಿದ. ಮ್ಯಾನೇಜರ್ ಸಾಹೇಬರು ‘ಆ ಯಮ್ಮ ಏನು ಬರೆದಿಟ್ಟಿದ್ದಾಳೆ ನೋಡ್ಕೊಂಡು ಬಾ’ ಎಂದಿದ್ದರು. ಹೋದ. ಎರಡು ಪದ ಹಾಕಿ ತೆರೆಯಲು ನೋಡಿದ. ಒಂದು ಕಾರ್ಖಾನೆಯ ಹೆಸರು. ಇನ್ನೊಂದು ಹೇಳಲು ನಾಚಿದ.

“ಹೇಳ್ರಿ.”

“ಪಾಸ್‌ವರ್ಡ್.”

“ಪಾಸ್‌ವರ್ಡೇನು?”

“ಅದೇ ಸಾರ್. ‘ಪಾಸ್‌ವರ್ಡ್’ ಅಂತಾನೇ ಹಾಕಿದೆ.”

ಗುಣಾಕಾರ ಮುಖ ಆಚೆ ತಿರುಗಿಸಿ ಬರೆದುಕೊಂಡ. ಮೇಲ್ವಿಚಾರಕನ ಕೆಮ್ಮು ಆಗ ಶುರುವಾಯಿತು. ಕರವಸ್ತ್ರ ಬಾಯಿಗೆ ಹಿಡಿದು, ಮುಗಿಯುವವರೆಗೆ ಬಾಗಿ ಕೂತಿದ್ದ. “ನಾನೂ ಒಂಬತ್ತು ವರ್ಷ ಅಲ್ಲೇ ನಿಂತಿದ್ದೀನಿ ಸಾರ್,” ಎಂದ ಕೊನೆಗೆ. “ನನ್ನ ನಂಬರೂ ಅದರೊಳಗೇ ಇದೆ.”

ಡಾಕ್ಟರು 11.50ಕ್ಕೆ ಬಂದು, ತಮ್ಮ ಸಮಯ ಎಷ್ಟು ಅಮೂಲ್ಯ ಎಂದು ಮೊದಲು ತಿಳಿಸಿದರು. ಫೈಲಿನ ವಿಷಯವೇ ಗೊತ್ತಿಲ್ಲ ಎಂದರು. ಇನ್ಸ್‌ಪೆಕ್ಟರ್ ನಲವತ್ತಮೂರು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಎಲ್ಲದರ ಮೇಲೂ ಒಂದೇ ಶಾಯಿಯ ಒಂದೇ ಸಹಿ, ಒಂದೇ ಓರೆ.

“ಇಷ್ಟು ಜನರನ್ನ ಒಂದೇ ಸಂಜೆ ಪರೀಕ್ಷೆ ಮಾಡಿದ್ರಾ?”

“ಅದು ಬೇರೆ ವಿಷಯ.”

“ಬೇರೆ ವಿಷಯಾನೂ ಬರ್ಕೊಳ್ಳೋಕೆ ನಮ್ಮ ಹತ್ರ ಕಾಗದ ಇದೆ. ಮೊದಲು ಪದ ಹೇಳಿ.”

ಡಾಕ್ಟರು ಕಿಟಕಿಯ ಕಡೆ ನೋಡುತ್ತ ಹೇಳಿದರು. ತೆರೆಯಲೆಂದು ಒಂದೇ ಸಲ ಹಾಕಿದ್ದರು. ಅವರದೇ ಹೆಸರು.

“ನಿಮ್ಮ ಹೆಸರಲ್ಲಿ ಸಿಸ್ಟರು ಬೀಗ ಹಾಕಿರ್ತಾರೆ ಅಂತ ಯಾಕೆ ಅನ್ನಿಸ್ತು?”

ಡಾಕ್ಟರು ಕೈಗಡಿಯಾರ ನೋಡಿಕೊಂಡರು.

“ಆತ್ಮವಿಶ್ವಾಸ ಸಾರ್,” ಎಂದು ಗುಣಾಕಾರ ಮೆಲ್ಲಗೆ ಹೇಳಿ ಬರೆದುಕೊಂಡ.

ಮ್ಯಾನೇಜರ ಹೇಳಿಕೆಯನ್ನು ಮಧ್ಯಾಹ್ನ 3ಕ್ಕೆ ಅವರ ತಣ್ಣನೆಯ ಕೋಣೆಯಲ್ಲೇ ಪಡೆಯಲಾಯಿತು. ನೋಡಿಕೊಂಡು ಬಾ ಎಂದದ್ದು ಅವರಿಗೆ ನೆನಪಿರಲಿಲ್ಲ. ಎಂಟು ದಿನದಲ್ಲಿ ಮನೆ ಖಾಲಿ ಮಾಡಿಸಿದ್ದೂ ನೆನಪಿರಲಿಲ್ಲ. ಸತ್ತ ಹನ್ನೊಂದು ಜನರಲ್ಲಿ ಒಬ್ಬನ ಹೆಸರೂ ನೆನಪಿರಲಿಲ್ಲ. ಎರಡು ದಿನಗಳ ಈ ತನಿಖೆಯಲ್ಲಿ ಇನ್ಸ್‌ಪೆಕ್ಟರ್ ಭೇಟಿಯಾದ ಎಲ್ಲರ ಪೈಕಿ ಕಣ್ಣಿನ ಕೆಳಗೆ ಕಪ್ಪು ಕಟ್ಟದಿದ್ದ ಮುಖ ಅದೊಂದೇ.

ಸಂಜೆ 4.40ಕ್ಕೆ ಠಾಣೆಯಲ್ಲಿ ಒಂದು ಪ್ರತಿ ಬಿಚ್ಚಿದರು. ನರ್ಸಮ್ಮ ತಮ್ಮ ಪದವನ್ನು ತಾವೇ ಒತ್ತಿದರು. ಉಳಿದವರು ಗೋಡೆ ನೋಡಿದರು. ಗುಣಾಕಾರ ಮೇಲ್ವಿಚಾರಕನ ಎರಡು ಪದ, ಡಾಕ್ಟರ ಒಂದು ಪದ ಕೊಟ್ಟು, ಅವರು ಹಿಂದಕ್ಕೆ ತಿರುಗಿಸಿದ್ದ ಮುಳ್ಳನ್ನು ಮುಂದಕ್ಕೆ ತಂದ. ಪರದೆಯ ತುಂಬ ಗೀಚಾಟ. ಕಾರ್ಯದರ್ಶಿ ನರ್ಸಮ್ಮನ ಹಿಂದೆ ನಿಂತು ನೋಡುತ್ತಿದ್ದ. “ಯಾರೋ ಸುಳ್ಳು ಹೇಳ್ತಿದ್ದಾರೆ ಸಾರ್,” ಎಂದ.

“ಅಥವಾ ಯಾರೋ ಇನ್ನೂ ಹೇಳಿಲ್ಲ,” ಎಂದರು ಇನ್ಸ್‌ಪೆಕ್ಟರ್.

19ನೇ ತಾರೀಖು, ಬುಧವಾರ. ಉಳಿದದ್ದು ಒಂದೇ ದಿನ. ಬೆಳಿಗ್ಗೆ 9ಕ್ಕೆ ಇನ್ಸ್‌ಪೆಕ್ಟರ್ ನರ್ಸಮ್ಮನೊಬ್ಬರನ್ನೇ ಕರೆಸಿದರು.

“13ರಂದು ಸಂಜೆ 4.52ಕ್ಕೆ ಫೈಲು ಬದಲಾಗಿದೆ. ಬೀಗದಕೈ ಯಾರೂ ತಗೊಂಡಿಲ್ಲ. ಅಂದ್ರೆ ಕೋಣೆ ತೆರೆದೇ ಇತ್ತು, ನೀವು ಒಳಗೇ ಇದ್ರಿ.”

ನರ್ಸಮ್ಮ ಕುರ್ಚಿಯಿಂದ ಎದ್ದರು. “ನಾನು ಮುಟ್ಟಿಲ್ಲ ಸಾರ್. ಸುಳ್ಳು ಕಾರ್ಡು ಬರೆದವಳು ಅಂತ ನೀವು ನಂಬದೇ ಇರಬಹುದು.”

“ನಂಬೋ ಮಾತು ಆಮೇಲೆ. ಆ ಹೊತ್ತಲ್ಲಿ ಏನು ಮಾಡ್ತಿದ್ರಿ?”

ನರ್ಸಮ್ಮ ಅಪಘಾತದ ರಿಜಿಸ್ಟರ್ ತರಿಸಿದರು. 13ರ ಕೆಳಗೆ ಅವರದೇ ಅಕ್ಷರ: ‘4.45. ಶೆಡ್ಡಿನ ಕೆಲಸಗಾರ, ಬಲಗಣ್ಣಿಗೆ ಮರಳು. ತೊಳೆದದ್ದು 5.05ರವರೆಗೆ.’ ತೊಟ್ಟಿ ಪರದೆಯ ಆಚೆ.

“ಈಚೆ ಯಾರಿದ್ರು?”

ಬಹಳ ಹೊತ್ತು ನರ್ಸಮ್ಮ ರಿಜಿಸ್ಟರಿನ ಮೇಲಿನ ಕೈ ತೆಗೆಯಲಿಲ್ಲ. “ಸಂಘದ ಮನವಿ ಪತ್ರ ಟೈಪ್ ಮಾಡೋಕೆ ಕಾರ್ಯದರ್ಶಿ ಬಂದಿದ್ರು. ಯಾವಾಗ್ಲೂ ನನ್ನ ಕಂಪ್ಯೂಟರಲ್ಲೇ ಮಾಡ್ತಾರೆ.” ಮತ್ತೆ ಅವರೇ ತಡವರಿಸಿದರು. “ಅವರಾಗಿರೋಕೆ ಸಾಧ್ಯ ಇಲ್ಲ ಸಾರ್. ಬೇಲೀನೇ ಎದ್ದು ಹೊಲ ಮೇಯುತ್ತಾ?”

“ಪ್ರೋಗ್ರಾಂ ಹೇಗೆ ನಡೆಯುತ್ತೆ ಅಂತ ಅವರಿಗೆ ಗೊತ್ತಿತ್ತಾ?”

“ನಾನೇ ಹೇಳಿಕೊಟ್ಟಿದ್ದೆ. ತಪ್ಪು ಪದ ಕೊಟ್ರೆ ಹಾಳಾಗುತ್ತೆ, ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ ಅಂತ.”

ಇನ್ಸ್‌ಪೆಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು. “ಪೀಪಿ ಊದುವಾಗ ಮುಖ ನೋಡ್ತೀರಾ?”

“ತಲೆಗೆ, ಮೂಗಿಗೆ ಬಟ್ಟೆ ಸುತ್ಕೊಂಡು ಶೆಡ್ಡಿಂದ ನೇರ ಬರ್ತಾರೆ. ಎಲ್ಲರೂ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗಿರ್ತಾರೆ. ಊದೋಕೆ ಬಾಯಷ್ಟೇ ಬಿಚ್ತಾರೆ. ನಾನು ಮುಳ್ಳು ನೋಡ್ತೀನಿ, ಕೈಯಲ್ಲಿರೋ ಬಿಲ್ಲೆ ನಂಬರು ನೋಡ್ತೀನಿ.” ಅವರು ನಿಲ್ಲಿಸಿದರು. “ಮುಖ ನೋಡಿದ್ರೆ ಬರೆಯೋಕೆ ಕೈ ಬರ್ತಿರ್ಲಿಲ್ಲ ಸಾರ್.”

11.15ಕ್ಕೆ ಇನ್ಸ್‌ಪೆಕ್ಟರ್ ಕಾರ್ಯದರ್ಶಿಯ ಅಕ್ಕನ ಮನೆ ಹುಡುಕಿಕೊಂಡು ಹೋದರು. ಗಂಡ ಸತ್ತು ಕ್ವಾರ್ಟರ್ಸ್ ಬಿಟ್ಟ ಮೇಲೆ ಹಿಡಿದ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಸುತ್ತ ಅಂಗಿಗಳ ರಾಶಿ ಹಾಕಿಕೊಂಡು ಆಕೆ ಹೊಲಿಗೆಯ ಹೆಚ್ಚುವರಿ ದಾರ ಕತ್ತರಿಸುತ್ತಿದ್ದರು. ಕತ್ತರಿ ಕೆಳಗಿಡಲಿಲ್ಲ.

“ನಾನು ಐದು ತಿಂಗಳ ಹಿಂದೆ ನಿಮ್ಮ ಸ್ಟೇಷನ್ನಿಗೆ ಬಂದಿದ್ದೆ. ನೀವೇ ಇದ್ರಿ.”

“ಏನು ಹೇಳಿದ್ದೆ?”

“ಕೆಮ್ಮಿ ಸತ್ರೆ ಪೊಲೀಸ್ ಕೇಸಾಗಲ್ಲಮ್ಮ ಅಂದ್ರಿ.”

ಇನ್ಸ್‌ಪೆಕ್ಟರಿಗೆ ಆ ಮಾತು ನೆನಪಿತ್ತು. ಎದುರಿಗೆ ನಿಂತಿದ್ದ ಮುಖ ನೆನಪಿರಲಿಲ್ಲ. “ತಪ್ಪು ಹೇಳಿದ್ದೆ,” ಎಂದರು. ಆಕೆ ತಲೆಯಾಡಿಸಲಿಲ್ಲ, ಕ್ಷಮಿಸಲೂ ಇಲ್ಲ. ಇನ್ನೊಂದು ಅಂಗಿ ಎತ್ತಿಕೊಂಡರು.

“ನಿಮ್ಮೆಜಮಾನ್ರು ಕೊನೇ ದಿನಗಳಲ್ಲಿ ಹೇಗಿದ್ರು?”

“ಕ್ವಾರ್ಟರ್ಸಿನ ಆರು ಮೆಟ್ಟಿಲು ಹತ್ತೋಕೆ ಎರಡು ಸಲ ಕೂರ್ತಿದ್ರು. ಆದ್ರೂ ಪೀಪಿ ಊದೋ ದಿನ ಮಾತ್ರ ಬಂದು, ಪಾಸಾದೆ ಕಣೇ ಅಂತಿದ್ರು. ಅದು ಹೇಗೆ ಪಾಸಾಗ್ತಿದ್ರೋ ಆ ದೇವರಿಗೇ ಗೊತ್ತು.”

“ಆ ದಿನ ಒಬ್ಬರೇ ಹೋಗ್ತಿದ್ರಾ?”

“ಇಲ್ಲ. ನನ್ನ ತಮ್ಮ ಶಿಫ್ಟು ಬದಲಾಯಿಸಿಕೊಂಡು ಜೊತೆಗೆ ಹೋಗೋನು. ಅವನನ್ನ ಇವರೇ ಸಾಕಿದ್ದು. ಸೈಕಲ್ ಕಲಿಸೋವಾಗ ಸೀಟು ಹಿಡ್ಕೊಂಡು ಊರೆಲ್ಲ ಓಡಿದ್ರು.” ಕತ್ತರಿ ಒಂದು ಕ್ಷಣ ನಿಂತಿತು. “ಯಾಕೆ ಕೇಳ್ತೀರಿ?”

“ಕೇಳೋದು ನನ್ನ ಕೆಲಸ ಅಮ್ಮ,” ಎಂದಷ್ಟೇ ಹೇಳಿ ಅವರು ಮೆಟ್ಟಿಲು ಇಳಿದರು. ಇಲ್ಲಿ ಆರು ಅಲ್ಲ, ಹದಿನಾಲ್ಕಿದ್ದವು.

2.30ಕ್ಕೆ ಕಾರ್ಯದರ್ಶಿಯ ವಿಚಾರಣೆ. ಕೋಣೆಯಲ್ಲಿ ಮೂವರೇ.

“13ರ ಸಂಜೆ ಎಲ್ಲಿದ್ರಿ?”

“ಗುಂಡಿ ವಿಭಾಗದಲ್ಲಿ.”

“ಮನವಿ ಪತ್ರ ಯಾವತ್ತು ಟೈಪ್ ಮಾಡಿದ್ರಿ?”

“ನೆನಪಿಲ್ಲ.”

“ಕಂಪ್ಯೂಟರಿಗೆ ನೆನಪಿದೆ. ಮನವಿ ಪತ್ರ 13ರ 4.58. ಈ ಫೈಲು ಅದೇ ದಿನ 4.52. ಆರು ನಿಮಿಷದಲ್ಲಿ ಕುರ್ಚಿ ಬದಲಾಯ್ತಾ?”

ಕಾರ್ಯದರ್ಶಿ ಮೇಜಿನ ಮೇಲಿದ್ದ ಕೈಗಳನ್ನು ತೊಡೆಯ ಮೇಲೆ ಇಳಿಸಿದ.

“ಭಾವನ ಬದಲು ಎಷ್ಟು ಸಲ ಊದಿದ್ರಿ?”

ಅವನು ತಲೆ ಎತ್ತಿದ. ಬಹಳ ದಿನದಿಂದ ಹೊತ್ತದ್ದನ್ನು ಯಾರೋ ಕೇಳದೆಯೇ ಇಳಿಸಿದ ಹಾಗೆ ಭುಜ ಕುಸಿಯಿತು.

“ಹದಿನಾಲ್ಕು ಸಲ.”

ಆಮೇಲೆ ಮಾತು ತಾನಾಗಿ ಬಂತು. ಭಾವನ ಮುಳ್ಳು ನಾನೂರ ಹತ್ತಕ್ಕೆ ಇಳಿದಿತ್ತು. ಮುಂದಿನ ತಿಂಗಳು ನಾನೂರು ದಾಟಿ ಕೆಳಗೆ ಹೋದರೆ ಮನೆ ಹೋಗುತ್ತದೆ. ಅಕ್ಕ, ಇಬ್ಬರು ಮಕ್ಕಳು, ಆಗ ಅವನೂ ಅದೇ ಮನೆಯಲ್ಲಿದ್ದ. ‘ನಿನಗೇನೋ, ಪೈಲ್ವಾನನ ಎದೆ. ನನ್ನ ಪಾಲಿಂದೂ ಒಂದ್ಸಲ ಊದಿಬಿಡೋ’ ಎಂದು ಭಾವ ನಕ್ಕಿದ್ದ. ಇವನೂ ನಕ್ಕು, ಬಟ್ಟೆ ಸುತ್ತಿಕೊಂಡು, ಬಿಲ್ಲೆ ಹಿಡಿದು ಸಾಲಿನಲ್ಲಿ ನಿಂತ. ಒಂದು ಸಲ ಎಂದದ್ದು ಹದಿನಾಲ್ಕಾಯಿತು. ಮನೆ ಉಳಿಯಿತು. ಭಾವ ಮರಳಿನಲ್ಲೇ ಉಳಿದ.

“ನಾನು ಒಂದ್ಸಲ ಇಲ್ಲ ಅಂದಿದ್ರೆ ಅವರನ್ನ ಆಚೆ ಹಾಕ್ತಿದ್ರು. ಬೀದೀಲಿ ಇರ್ತಿದ್ವಿ. ಬದುಕಿರೋರು.”

“ಅದಕ್ಕೆ ಫೈಲು ಕೆಡಿಸಿದ್ರಾ?”

“ಒಂದು ಸುಳ್ಳು ಸಾಲು ಸಿಕ್ಕರೆ ಸಾಕು, ಇಡೀ ಫೈಲೇ ಸುಳ್ಳು ಅಂತಾರೆ ಕಂಪನಿ ವಕೀಲರು. ಸಾಯೋ ತಿಂಗಳೂ ಇವನ ಉಸಿರು ಕುದುರೆ ಹಾಗಿತ್ತು, ಮರಳಿಂದ ಹೇಗೆ ಸತ್ತ ಅಂತ ಕೇಳ್ತಾರೆ. ಮಿಕ್ಕ ನಲವತ್ತೆರಡು ಜನರದ್ದೂ ಹೋಗುತ್ತೆ.”

“ಫೈಲೇ ತೆರೀದಿದ್ರೆ ಅವರದ್ದು ಉಳಿಯುತ್ತಾ?”

ಕಾರ್ಯದರ್ಶಿ ಇಲ್ಲ ಎಂಬಂತೆ ತಲೆಯಾಡಿಸಿದ.

“ನಲವತ್ತೆರಡು ಜನರಿಗೋಸ್ಕರ ಮುಚ್ಚಿದೆ ಅಂತಾನೇ ಬರ್ಕೊಳ್ಳಲಾ?” ಇನ್ಸ್‌ಪೆಕ್ಟರ್ ಪೆನ್ನು ಎತ್ತಿದರು.

ಕಾರ್ಯದರ್ಶಿ ಆ ಪೆನ್ನಿನ ತುದಿಯನ್ನೇ ನೋಡಿದ. ಎಷ್ಟೋ ಗೇಟಿನ ಮುಂದೆ ನಿಂತು, ಸತ್ತವರ ಪರವಾಗಿ ಗಂಟಲು ಹರಿಯುವಂತೆ ಮಾತಾಡಿದವನು ಅವನು. “ಬೇಡ ಸಾರ್,” ಎಂದ. “ಕೋರ್ಟಲ್ಲಿ ಸಾಲು ಸಾಲಾಗಿ ಓದ್ತಾರೆ. ಅಕ್ಕ ಮೊದಲನೇ ಬೆಂಚಲ್ಲಿ ಕೂತಿರ್ತಾಳೆ. ಭಾವನ ನಂಬರು ಕೇಳ್ತಿದ್ದ ಹಾಗೇ ನನ್ನ ಕಡೆ ತಿರುಗ್ತಾಳೆ. ಆರು ಮೆಟ್ಟಿಲು ಹತ್ತೋಕಾಗದೋರು ಅಷ್ಟು ಊದೋಕಾಗಲ್ಲ ಅಂತ ಅವಳಿಗೆ ಗೊತ್ತು.”

“ಅಳಿಸಿಯೇ ಬಿಡಬಹುದಿತ್ತಲ್ಲ?”

“ನಲವತ್ತಮೂರು ಜನ ಸಾರ್. ಅಳಿಸೋಕೆ ಕೈ ಬರಲಿಲ್ಲ.”

ಗುಣಾಕಾರ ಹತ್ತಿರ ಬಂದ. ಅವನ ಪ್ರಶ್ನೆಯಲ್ಲಿ ಕೋಪವಿರಲಿಲ್ಲ. “ಮುಚ್ಚು ಅಂತ ಒತ್ತಿದ್ರಾ, ತೆರೆ ಅಂತಾನಾ?”

“ಮುಚ್ಚು.”

“ಎಷ್ಟು ಸಲ?”

“ಒಂದೇ ಸಲ.”

“ಪದ?”

“ಪದ ಅಲ್ಲ. ಐನೂರ ಇಪ್ಪತ್ತು. ಕೊನೇ ಸಲ ಅವರ ಹೆಸರಲ್ಲಿ ಊದಿದ್ದು. ಹನ್ನೊಂದು ದಿನಕ್ಕೆ ಸತ್ತರು.”

“ಅಂಕಿಯಲ್ಲೋ ಅಕ್ಷರದಲ್ಲೋ?”

“ಅಂಕಿ.”

3.40ಕ್ಕೆ ಎರಡನೆಯ ಪ್ರತಿ ಬಿಚ್ಚಿದರು. ನರ್ಸಮ್ಮನ ಪದ, ಮೇಲ್ವಿಚಾರಕನ ಎರಡು, ಡಾಕ್ಟರ ಒಂದು, ಕೊನೆಗೆ ಮೂರು ಅಂಕಿ. ಗೀಚಾಟ ಕರಗಿ ಪರದೆಯ ಮೇಲೆ ಬಿಲ್ಲೆ ನಂಬರುಗಳು ನಿಂತವು. ಪ್ರತಿ ನಂಬರಿನ ಎದುರಿಗೂ ಇಳಿಜಾರು: ಐನೂರ ಹತ್ತು, ನಾನೂರ ಎಂಬತ್ತು, ನಾನೂರ ನಲವತ್ತು, ಮುನ್ನೂರ ತೊಂಬತ್ತು. ಅಲ್ಲಿಗೆ ಸಾಲು ಕಡಿದಿರುತ್ತಿತ್ತು. ಮೂವತ್ತೊಂದನೆಯ ಬಿಲ್ಲೆ ಮಾತ್ರ ನಾನೂರ ಹತ್ತರವರೆಗೆ ಇಳಿದು, ಮುಂದಿನ ತಿಂಗಳು ಐನೂರಕ್ಕೆ ಹಾರಿ, ಐನೂರ ಇಪ್ಪತ್ತರಲ್ಲಿ ಮುಗಿದಿತ್ತು.

ನರ್ಸಮ್ಮ ಆ ಸಾಲಿನ ಮೇಲೆ ಬೆರಳಿಟ್ಟರು. “ಇದು ಮೇಲೆದ್ದಾಗ ನನಗೆ ಖುಷಿಯಾಗಿತ್ತು ಸಾರ್. ಒಬ್ಬನಾದ್ರೂ ಸುಧಾರಿಸ್ಕೊಂಡ ಅಂತ.”

4.25ಕ್ಕೆ ಕಾರ್ಯದರ್ಶಿಯ ಬಂಧನ ಪತ್ರಕ್ಕೆ ಸಹಿ ಬಿತ್ತು. ಅವನ ಹೇಳಿಕೆಯನ್ನು ಮೂವತ್ತೊಂದನೆಯ ಸಾಲಿಗೆ ಲಗತ್ತಾಗಿ ಸೇರಿಸಲಾಯಿತು; ಆ ಸಾಲಿನ ಐನೂರು ಯಾರ ಉಸಿರು ಎಂದು ನ್ಯಾಯಾಲಯಕ್ಕೆ ಗೊತ್ತಾಗಬೇಕಾದರೆ ಅದೊಂದೇ ದಾರಿ. ಸಹಿ ಹಾಕಿದ ಮೇಲೆ ಅವನು ಒಂದು ಮಾತು ಕೇಳಿದ. “ನಾಳೆ ಅಲ್ಲಿ ಓದೋಕೆ ಮುಂಚೆ ಅಕ್ಕನಿಗೆ ನಾನೇ ಹೇಳ್ಬೇಕು.”

5.10ಕ್ಕೆ ಆಕೆ ಬಂದರು. ಜಗಲಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಮಹಿಳಾ ಪೇದೆ ನಾಲ್ಕು ಹೆಜ್ಜೆ ಆಚೆ ನಿಂತಳು. ತಮ್ಮ ನೆಲ ನೋಡುತ್ತ ಹೇಳಿದ. ಅಕ್ಕನ ಸೆರಗಿನ ತುಂಬ ಬಣ್ಣ ಬಣ್ಣದ ದಾರದ ತುಣುಕುಗಳು ಅಂಟಿಕೊಂಡಿದ್ದವು. ಅವನು ಮುಗಿಸಿದ ಮೇಲೂ ಬಹಳ ಹೊತ್ತು ಅವುಗಳನ್ನು ಒಂದೊಂದಾಗಿ ಕಿತ್ತು ಬೆಂಚಿನ ಮೇಲೆ ಇಡುತ್ತಿದ್ದರು.

“ನೀನು ಊದುವಾಗ ಅವರು ಎಲ್ಲಿರ್ತಿದ್ರು?”

“ಬಾಗಿಲ ಹಿಂದೆ.”

“ಏನು ಮಾಡ್ತಿದ್ರು?”

“ಬಾಯಿಗೆ ಟವೆಲ್ ಒತ್ತಿ ಹಿಡ್ಕೊಂಡು ನಿಂತಿರ್ತಿದ್ರು ಅಕ್ಕ. ಕೆಮ್ಮು ಒಳಗೆ ಕೇಳಿಸಬಾರದು ಅಂತ.”

ಆಕೆ ಎದ್ದರು. ತಮ್ಮನ ತಲೆ ಮುಟ್ಟಲಿಲ್ಲ. ಬೈಯಲೂ ಇಲ್ಲ. ಜಗಲಿಯ ಅಂಚಿನಲ್ಲಿ ನಿಂತು, ಬೀದಿ ನೋಡುತ್ತ ಹೇಳಿದರು.

“ನಾಳೆ ಕೋರ್ಟಲ್ಲಿ ಇದಿಷ್ಟೂ ಹೇಳು. ಟವೆಲಿನ ಮಾತೂ ಬಿಡಬೇಡ.”

5.50ಕ್ಕೆ ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ ಬರೆದರು: ‘ಆರೋಪಿಗೆ ದ್ವೇಷವಿರಲಿಲ್ಲ, ಲಾಭವಿರಲಿಲ್ಲ. ಮನೆ ಹೋಗುವ ಹೆದರಿಕೆಯಿಂದ ಭಾವನಿಗೆ ತನ್ನ ಉಸಿರನ್ನು ಎರವಲು ಕೊಟ್ಟಿದ್ದ. ಅದರಿಂದಲೇ ಭಾವ ಸತ್ತನೆಂದು ನಂಬಿದ್ದ. ಅಕ್ಕ ಅದನ್ನು ಓದಬಾರದೆಂದು ಕಡತ ಮುಚ್ಚಿದ.’ ‘ಅದರಿಂದಲೇ’ ಎಂಬ ಮಾತಿನ ಮೇಲೆ ಅವರ ಕಣ್ಣು ನಿಂತಿತು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ‘ಆ ಶೆಡ್ಡಿನಲ್ಲಿ ಸ್ವಂತ ಉಸಿರು ಊದಿದ ಹತ್ತು ಮಂದಿಯೂ ಸತ್ತಿದ್ದಾರೆ.’